ತೋಟದ ಬೇಲಿಯಾಚೆಯ ಸಂತೆ: ಅಂತರರಾಷ್ಟ್ರೀಯ ವ್ಯಾಪಾರಕ್ಕೊಂದು ಪ್ರವೇಶ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಂತರರಾಷ್ಟ್ರೀಯ ಅರ್ಥಶಾಸ್ತ್ರ ಎಂಬ ಹೆಸರು ಕೇಳಿದೊಡನೆ ಅದು ದೆಹಲಿಯಲ್ಲೋ ಜಿನೀವಾದಲ್ಲೋ ಕುಳಿತವರ ವಿದ್ಯೆ ಎಂಬ ಭಾವನೆ ಮೂಡುವುದು ಸಹಜ. ಆದರೆ ಆ ವಿದ್ಯೆಯ ಪರಿಣಾಮ ಮೊದಲು ಕಾಣಿಸುವುದು ಮಲೆನಾಡಿನ ಕಣದಲ್ಲಿ. ಜನವರಿಯಲ್ಲಿ ಹಣ್ಣು ಕುಯ್ದು, ಒಣಗಿಸಿ, ಚೀಲ ತುಂಬಿದ ಬೆಳೆಗಾರ ಪೇಟೆಗೆ ಹೋಗಿ ಕೇಳುವ ಮೊದಲ ಪ್ರಶ್ನೆ ‘ಇವತ್ತಿನ ರೇಟು ಎಷ್ಟು?’ ಎಂಬುದು. ಆ ರೇಟನ್ನು ಪೇಟೆಯ ವ್ಯಾಪಾರಿ ನಿರ್ಧರಿಸಿರುವುದಿಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕಿನಿಂದಲೂ ರೋಬಸ್ಟಾ ಬೆಲೆ ಲಂಡನ್ನಿನಿಂದಲೂ ಬಂದಿರುತ್ತದೆ. ಆ ಎರಡೂ ನಗರಗಳಲ್ಲಿ ಕಾಫಿ ಗಿಡವೇ ಇಲ್ಲ.

ಕಾಫಿ ಗಿಡವಿಲ್ಲದ ಊರು ಕಾಫಿಯ ಬೆಲೆಯನ್ನು ಹೇಗೆ ನಿರ್ಧರಿಸುತ್ತದೆ? ಬ್ರೆಜಿಲಿನಲ್ಲಿ ಮಂಜು ಬಿದ್ದರೆ ಮೂಡಿಗೆರೆಯಲ್ಲಿ ಬೆಲೆ ಏರುವುದೇಕೆ? ವಿಯೆಟ್ನಾಂನ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ಭಾರತಕ್ಕೆ ಬಂತೆಂಬ ದೂರು ಎದ್ದದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಅಂತರರಾಷ್ಟ್ರೀಯ ಅರ್ಥಶಾಸ್ತ್ರದ ಮುಖ್ಯ ಪಾಠಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಇಂದಿನ ಉಪನ್ಯಾಸದ ದಾರಿಯೂ ಅದೇ.

ಹಳೆಯ ಸಂಬಂಧ

ಜಾಗತಿಕ ವ್ಯಾಪಾರವು 1991ರ ಉದಾರೀಕರಣದೊಂದಿಗೆ ಹುಟ್ಟಿತೆಂದು ತಿಳಿಯುವುದು ತಪ್ಪು. ಪಶ್ಚಿಮ ಘಟ್ಟದ ಕಾಳುಮೆಣಸು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ತಲುಪುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಕಾಫಿಯಂತೂ ಹೊರಗಿನಿಂದಲೇ ಬಂದದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಅಂದರೆ ಮಲೆನಾಡು ಜಗತ್ತಿನ ಸಂತೆಗೆ ಹೊಸಬನಲ್ಲ. ಬದಲಾದದ್ದು ಸಂತೆಯ ವೇಗ ಮತ್ತು ಅದರ ಕಾನೂನು.

ವ್ಯಾಪಾರದಿಂದ ಲಾಭ ಹೇಗೆ?

ದೇಶಗಳು ಪರಸ್ಪರ ವ್ಯಾಪಾರ ಮಾಡುವುದೇಕೆ ಎಂಬ ಪ್ರಶ್ನೆಗೆ ಅತ್ಯಂತ ಪ್ರಸಿದ್ಧ ಉತ್ತರ ಕೊಟ್ಟವನು ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ. 1817ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಬಟ್ಟೆ ಮತ್ತು ದ್ರಾಕ್ಷಾರಸದ ಉದಾಹರಣೆ ಕೊಟ್ಟನು. ನಿರ್ದಿಷ್ಟ ಪ್ರಮಾಣದ ಬಟ್ಟೆಯನ್ನು ನೇಯಲು ಇಂಗ್ಲೆಂಡಿನಲ್ಲಿ 100 ಜನ ಒಂದು ವರ್ಷ ದುಡಿಯಬೇಕು, ದ್ರಾಕ್ಷಾರಸಕ್ಕೆ 120 ಜನ ಬೇಕು. ಪೋರ್ಚುಗಲ್‌ನಲ್ಲಿ ಅಷ್ಟೇ ಬಟ್ಟೆಗೆ 90 ಜನ, ದ್ರಾಕ್ಷಾರಸಕ್ಕೆ 80 ಜನ ಸಾಕು. ಎರಡರಲ್ಲಿಯೂ ಪೋರ್ಚುಗಲ್ ಮುಂದೆ. ಹಾಗಿದ್ದರೆ ಅದು ಇಂಗ್ಲೆಂಡಿನಿಂದ ಬಟ್ಟೆ ಕೊಳ್ಳುವುದೇಕೆ?

ಲೆಕ್ಕ ಹೀಗಿದೆ. ಒಂದಕ್ಕೆ ಒಂದರಂತೆ ವಿನಿಮಯವಾದರೆ ಪೋರ್ಚುಗಲ್ 80 ಜನರ ದುಡಿಮೆಯ ದ್ರಾಕ್ಷಾರಸ ಕೊಟ್ಟು, ತನ್ನಲ್ಲಿ 90 ಜನರ ದುಡಿಮೆ ಬೇಡುತ್ತಿದ್ದ ಬಟ್ಟೆಯನ್ನು ಪಡೆಯುತ್ತದೆ. ಇಂಗ್ಲೆಂಡ್ 100 ಜನರ ದುಡಿಮೆಯ ಬಟ್ಟೆ ಕೊಟ್ಟು 120 ಜನರ ದುಡಿಮೆಯ ದ್ರಾಕ್ಷಾರಸ ಪಡೆಯುತ್ತದೆ. ಒಬ್ಬರಿಗೆ 10, ಇನ್ನೊಬ್ಬರಿಗೆ 20 ಜನರ ದುಡಿಮೆ ಉಳಿಯಿತು. ಇದನ್ನೇ ತುಲನಾತ್ಮಕ ಅನುಕೂಲದ ತತ್ತ್ವ ಎನ್ನುತ್ತಾರೆ. ಊರಿನ ಅನುಭವದಲ್ಲಿಯೂ ಇದು ಇದೆ. ಮರಗಸಿ ಮಾಡುವುದರಲ್ಲಿ ನುರಿತವನು ಬೇಲಿ ಕಟ್ಟುವುದರಲ್ಲಿಯೂ ಗಟ್ಟಿಗನಾಗಿರಬಹುದು. ಆದರೂ ಮರಗಸಿಯ ಕಾಲದಲ್ಲಿ ಅವನನ್ನು ಬೇಲಿಗೆ ಹಾಕುವುದು ಯಾರಿಗೂ ಲಾಭವಲ್ಲ.

ಈ ತತ್ತ್ವವನ್ನು ತಳ್ಳಿಹಾಕುವಂತಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಹೊರದೇಶಗಳಿಗೆ ಹೋಗುತ್ತದೆ. ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಬೆಳೆಯಲ್ಲಿ ಸುಮಾರು ಶೇ. 70 ಕರ್ನಾಟಕದ್ದೇ. ಹೊರಗಿನ ಸಂತೆ ಇಲ್ಲದಿದ್ದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಇಷ್ಟು ತೋಟಗಳು ಇರುತ್ತಲೇ ಇರಲಿಲ್ಲ.

ರಿಕಾರ್ಡೊನ ಲೆಕ್ಕದಲ್ಲಿ ಬಿಟ್ಟುಹೋದದ್ದು

ಆದರೆ ಆ ಲೆಕ್ಕದಲ್ಲಿ ಮೂರು ಸಂಗತಿಗಳು ಸೇರಿಲ್ಲ.

ಮೊದಲನೆಯದು ಕಾಲ. ಬಟ್ಟೆ ನೇಯುವವನು ದ್ರಾಕ್ಷಿ ತೋಟದ ಕೆಲಸಕ್ಕೆ ಸುಲಭವಾಗಿ ಹೋಗಬಲ್ಲನೆಂದು ಆ ಉದಾಹರಣೆ ಭಾವಿಸುತ್ತದೆ. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಬಂದ ಮೇಲೆ ಹಲವು ದಶಕ ನಿಲ್ಲುತ್ತದೆ. ಬೆಲೆ ಬಿದ್ದಿತೆಂದು ಈ ವರ್ಷ ಕಿತ್ತು, ಏರಿತೆಂದು ಮುಂದಿನ ವರ್ಷ ನೆಡಲಾಗದು. ಗದ್ದೆಯನ್ನು ತೋಟ ಮಾಡುವುದು ಒಂದು ಬೇಸಿಗೆಯ ಕೆಲಸ; ತೋಟವನ್ನು ಮತ್ತೆ ಗದ್ದೆ ಮಾಡುವುದು ಬಹುಪಾಲು ಆಗದ ಕೆಲಸ.

ಎರಡನೆಯದು ಹಂಚಿಕೆ. ದೇಶಕ್ಕೆ ಲಾಭವಾಯಿತು ಎಂದರೆ ದೇಶದೊಳಗಿನ ಎಲ್ಲರಿಗೂ ಲಾಭವಾಯಿತು ಎಂದು ಅರ್ಥವಲ್ಲ. ಅಗ್ಗದ ಮೆಣಸು ಆಮದಾದರೆ ಮಸಾಲೆ ಪುಡಿ ಮಾಡುವವನಿಗೆ ಅನುಕೂಲ, ಬಳ್ಳಿ ಹಬ್ಬಿಸಿದವನಿಗೆ ನಷ್ಟ. ಗೆದ್ದವನು ಸೋತವನಿಗೆ ಪರಿಹಾರ ಕೊಡುವ ಏರ್ಪಾಡು ತಾನಾಗಿ ಉಂಟಾಗುವುದಿಲ್ಲ.

ಮೂರನೆಯದು ನಿಸರ್ಗ. ನೀರು, ಮಣ್ಣು, ಮರಗಳು ರಿಕಾರ್ಡೊನ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬ್ತಾಗಿ ಬರುವುದೇ ಇಲ್ಲ. ಮಲೆನಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಈ ಮಾತನ್ನು ಕೊನೆಯಲ್ಲಿ ವಿಚಾರ ಮಾಡಬೇಕಾಗಿದೆ.

ಬೆಲೆ ಏರಿಳಿಯುವ ಬಗೆ

ಕಾಫಿ ಕುಡಿಯುವವನು ಬೆಲೆ ಏರಿದರೂ ಅಷ್ಟು ಬೇಗ ಕುಡಿಯುವುದನ್ನು ಬಿಡುವುದಿಲ್ಲ. ಇಳಿಯಿತೆಂದು ಎರಡರಷ್ಟು ಕುಡಿಯುವುದೂ ಇಲ್ಲ. ಬೆಳೆಯುವವನೂ ಕೂಡಲೇ ಹೆಚ್ಚು ಕಡಿಮೆ ಮಾಡಲಾರನು. ಬೇಡಿಕೆಯೂ ಪೂರೈಕೆಯೂ ಹೀಗೆ ಬಾಗದಿರುವಾಗ, ಫಸಲಿನಲ್ಲಿ ಸ್ವಲ್ಪ ಕೊರತೆಯಾದರೂ ಬೆಲೆ ಬಹಳ ಏರುತ್ತದೆ, ಸ್ವಲ್ಪ ಹೆಚ್ಚಾದರೂ ಪಾತಾಳಕ್ಕಿಳಿಯುತ್ತದೆ. 1975ರ ಜುಲೈ ತಿಂಗಳಲ್ಲಿ ಬ್ರೆಜಿಲಿನ ಪರಾನಾ ಪ್ರಾಂತ್ಯದಲ್ಲಿ ಬಿದ್ದ ಭಾರಿ ಮಂಜಿನಿಂದ ಅಲ್ಲಿನ ತೋಟಗಳು ಸುಟ್ಟುಹೋದವು. 1977ರ ಹೊತ್ತಿಗೆ ಕಾಫಿಯ ಬೆಲೆ ಪೌಂಡಿಗೆ ಮೂರು ಡಾಲರ್ ದಾಟಿತು. (ಒಂದು ಪೌಂಡ್ ಎಂದರೆ 454 ಗ್ರಾಂ, ಪೌಂಡಿಗೆ ಒಂದು ಡಾಲರ್ ಎಂದರೆ ಕಿಲೋಗೆ ಸುಮಾರು 2 ಡಾಲರ್ 20 ಸೆಂಟ್.)

ಬೆಲೆ ಏರಿದಾಗ ಎಲ್ಲರೂ ನೆಡುತ್ತಾರೆ. ನೆಟ್ಟ ಗಿಡಗಳೆಲ್ಲ ನಾಲ್ಕೈದು ವರ್ಷಗಳ ನಂತರ ಒಟ್ಟಿಗೆ ಫಸಲಿಗೆ ಬರುತ್ತವೆ, ಬೆಲೆ ಕುಸಿಯುತ್ತದೆ. ಕುಸಿದಾಗ ಗೊಬ್ಬರ ಬಿಡುತ್ತಾರೆ, ತೋಟ ಹಾಳು ಬೀಳುತ್ತದೆ. ಕೊರತೆಯಾಗಿ ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಜೇಡರಬಲೆಯ ಚಕ್ರ ಎಂದು ಕರೆದಿದ್ದಾರೆ. 1934ರಲ್ಲಿ ನಿಕೋಲಸ್ ಕಾಲ್ಡೊರ್ ಈ ಹೆಸರು ಕೊಟ್ಟನು.

ಈ ಚಕ್ರವನ್ನು ಹಿಡಿದು ನಿಲ್ಲಿಸಲು ಒಮ್ಮೆ ಜಗತ್ತು ಪ್ರಯತ್ನಿಸಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ, ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಪಾಲು ನಿಗದಿ ಮಾಡಿದವು. ಬೆಲೆ ಬಿದ್ದರೆ ಪಾಲು ತಗ್ಗಿಸುವುದು, ಏರಿದರೆ ಸಡಿಲಿಸುವುದು. ನಡುನಡುವೆ ನಿಂತರೂ ಈ ವ್ಯವಸ್ಥೆ 1989ರವರೆಗೆ ಬಾಳಿತು. ಪಾಲಿನ ಬಗ್ಗೆ ಸದಸ್ಯ ದೇಶಗಳಲ್ಲಿ ಒಮ್ಮತ ಮೂಡದೆ ಆ ವರ್ಷದ ಜುಲೈನಲ್ಲಿ ಅದು ಮುರಿದುಬಿತ್ತು. ಗೋದಾಮುಗಳಲ್ಲಿ ತಡೆದಿಟ್ಟಿದ್ದ ಕಾಫಿ ಒಮ್ಮೆಲೇ ಪೇಟೆಗೆ ಹರಿಯಿತು; ಬೆಲೆ ಕೆಲವೇ ತಿಂಗಳಲ್ಲಿ ಅರ್ಧದಷ್ಟಾಯಿತು.

ಭಾರತದಲ್ಲಿ ಆಗ ಕಾಫಿ ಮಂಡಳಿಯ ‘ಪೂಲ್’ ಪದ್ಧತಿ ಇತ್ತು. 1942ರ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ಬೆಳೆಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. ಅದರ ವಿರುದ್ಧ ಬೆಳೆಗಾರರಲ್ಲಿ ಅಸಮಾಧಾನವಿದ್ದದ್ದು ನಿಜ. ಆದರೆ ಜಗತ್ತಿನ ಏರಿಳಿತದ ಪೆಟ್ಟನ್ನು ಮೊದಲು ತಿನ್ನುತ್ತಿದ್ದುದು ಮಂಡಳಿ, ಬೆಳೆಗಾರನಲ್ಲ. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ 1991ರಲ್ಲಿ ಒಡೆಯಿತು. ಹಂತಹಂತವಾಗಿ ಸಡಿಲಗೊಂಡ ಪೂಲ್ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. 1994ರಲ್ಲಿ ಬ್ರೆಜಿಲಿಗೆ ಮತ್ತೆ ಮಂಜು ಹೊಡೆದು ಬೆಲೆ ಏರಿದ್ದ ದಿನಗಳವು. ಸ್ವಾತಂತ್ರ್ಯ ಸಿಹಿಯಾಗಿಯೇ ಕಂಡಿತು.

ಅದೇ ಸಮಯದಲ್ಲಿ ವಿಯೆಟ್ನಾಂ ತನ್ನ ಮಧ್ಯ ಎತ್ತರದ ನಾಡಿನಲ್ಲಿ ರೋಬಸ್ಟಾ ನೆಡುತ್ತಿತ್ತು. 1990ರಲ್ಲಿ ಒಂದು ಲಕ್ಷ ಟನ್ನಿಗಿಂತ ಕಡಿಮೆಯಿದ್ದ ಅಲ್ಲಿನ ಬೆಳೆ 2000ದ ಹೊತ್ತಿಗೆ ಸುಮಾರು ಒಂಬತ್ತು ಲಕ್ಷ ಟನ್ ಮುಟ್ಟಿತು. 2001ರಲ್ಲಿ ಜಗತ್ತಿನ ಕಾಫಿಯ ಸರಾಸರಿ ಬೆಲೆ ಪೌಂಡಿಗೆ 46 ಸೆಂಟಿಗಿಂತ ಕೆಳಗಿಳಿಯಿತು. ಅಂದರೆ ಕಿಲೋಗೆ ಒಂದು ಡಾಲರ್, ಆಗಿನ ದರದಲ್ಲಿ 47 ರೂಪಾಯಿ ಆಸುಪಾಸು. ಅದು ಕುಯ್ಲಿನ ಕೂಲಿಗೂ ಗೊಬ್ಬರಕ್ಕೂ ಸಾಲುತ್ತಿರಲಿಲ್ಲ. ಆ ವರ್ಷಗಳಲ್ಲಿ ತೋಟದ ಸಾಲ ತೀರಿಸಲು ಹೋದದ್ದು ತೋಟದ ಮರಗಳು. ಬೆಲೆಯ ಕುಸಿತ ಕಾಡಿಗೆ ತಲುಪುವ ದಾರಿ ಇದು. ವಿಯೆಟ್ನಾಂನಲ್ಲಿ ಬೆಲೆಯ ಏರಿಕೆ ಕಾಡಿಗೆ ತಲುಪಿತ್ತು. ಅಲ್ಲಿ ಅರಣ್ಯ ಕಡಿದು ತೋಟ ಮಾಡಿದರು, ಅಂತರ್ಜಲ ಬತ್ತುವಷ್ಟು ನೀರೆತ್ತಿದರು.

ರೂಪಾಯಿ, ಡಾಲರ್, ರಿಯಾಲ್

ಬೆಳೆಗಾರನ ಕೈಗೆ ಬರುವ ಹಣ ಎರಡು ಸಂಖ್ಯೆಗಳ ಗುಣಾಕಾರ: ಡಾಲರಿನಲ್ಲಿ ಕಾಫಿಯ ಬೆಲೆ ಮತ್ತು ರೂಪಾಯಿಯಲ್ಲಿ ಡಾಲರಿನ ಬೆಲೆ. ಕಿಲೋಗೆ ಎರಡು ಡಾಲರ್ ಬೆಲೆಯಿದ್ದು ಡಾಲರಿಗೆ 45 ರೂಪಾಯಿ ಇದ್ದರೆ 90 ರೂಪಾಯಿ ಸಿಗುತ್ತದೆ; ಡಾಲರಿಗೆ 90 ರೂಪಾಯಿ ಆದರೆ ಅದೇ ಎರಡು ಡಾಲರಿಗೆ 180 ರೂಪಾಯಿ. ಹೀಗಾಗಿ ರೂಪಾಯಿ ಇಳಿದರೆ ರಫ್ತು ಮಾಡುವವನಿಗೆ ಅನುಕೂಲ ಎನ್ನುತ್ತಾರೆ. ಆದರೆ ಡೀಸೆಲ್, ರಸಗೊಬ್ಬರಗಳಿಗೆ ಬೇಕಾದ ಕಚ್ಚಾವಸ್ತುಗಳೂ ಡಾಲರಿನಲ್ಲಿಯೇ ಬರುವುದರಿಂದ ಆ ಅನುಕೂಲದ ಒಂದು ಭಾಗ ಖರ್ಚಿನ ಕಡೆಗೆ ಸೋರಿಹೋಗುತ್ತದೆ.

ಹೆಚ್ಚು ಸೂಕ್ಷ್ಮವಾದ ಸಂಗತಿ ಬೇರೆಯಿದೆ. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ನಾಣ್ಯವಾದ ರಿಯಾಲನ್ನು ಮುಕ್ತವಾಗಿ ಏರಿಳಿಯಲು ಬಿಟ್ಟಿತು. ಡಾಲರಿಗೆ 1.2 ರಿಯಾಲ್ ಇದ್ದದ್ದು ಎರಡು ತಿಂಗಳೊಳಗೆ 2 ದಾಟಿತು. ಡಾಲರ್ ಲೆಕ್ಕದಲ್ಲಿ ಬೆಲೆ ಬೀಳುತ್ತಿದ್ದರೂ ಅಲ್ಲಿನ ಬೆಳೆಗಾರನ ಕೈಗೆ ಬರುವ ರಿಯಾಲ್ ಕಡಿಮೆಯಾಗಲಿಲ್ಲ. ಅವನು ಮಾರುತ್ತಲೇ ಹೋದನು, ಜಗತ್ತಿನ ಬೆಲೆ ಇನ್ನಷ್ಟು ಬಿತ್ತು. ಸಕಲೇಶಪುರದ ಬೆಳೆಗಾರನು ತನ್ನ ದೇಶದ ನಾಣ್ಯವನ್ನು ಮಾತ್ರವಲ್ಲ, ತಾನು ಎಂದೂ ಕಾಣದ ಬ್ರೆಜಿಲಿನ ನಾಣ್ಯವನ್ನೂ ಗಮನಿಸಬೇಕಾಗುವುದು ಈ ಕಾರಣಕ್ಕೆ.

ಸುಂಕ, ಒಪ್ಪಂದ ಮತ್ತು ಮೆಣಸಿನ ಕಥೆ

ದೇಶದ ಗಡಿಯಲ್ಲಿ ಆಮದಿನ ಮೇಲೆ ಹಾಕುವ ತೆರಿಗೆಯೇ ಸುಂಕ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, 23 ದೇಶಗಳು ಜಿನೀವಾದಲ್ಲಿ ಸೇರಿ ಸುಂಕಗಳನ್ನು ತಗ್ಗಿಸುವ ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಅದನ್ನೇ ಗ್ಯಾಟ್ ಎನ್ನುವುದು. ಭಾರತವೂ ಮೊದಲ ಸದಸ್ಯರಲ್ಲೊಂದು. 1995ರ ಜನವರಿ 1ರಂದು ಅದರ ಜಾಗದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು, ಕೃಷಿಯೂ ಅದರ ನಿಯಮಗಳ ಒಳಗೆ ಬಂತು. ಆಮದಿನ ಪ್ರಮಾಣದ ಮೇಲೆ ಭಾರತ ಉಳಿಸಿಕೊಂಡಿದ್ದ ನಿರ್ಬಂಧಗಳು 2001ರ ಏಪ್ರಿಲ್ 1ರಿಂದ ತೆರವಾದವು. ಅಂದಿನಿಂದ ರಕ್ಷಣೆಗೆ ಉಳಿದ ಮುಖ್ಯ ಗೋಡೆ ಸುಂಕವೇ.

ಆ ಗೋಡೆಯಲ್ಲಿ ಬಾಗಿಲುಗಳೂ ಇವೆ. ಎರಡು ದೇಶಗಳು ಪರಸ್ಪರ ಸುಂಕ ಬಿಟ್ಟುಕೊಡುವ ಮುಕ್ತ ವ್ಯಾಪಾರ ಒಪ್ಪಂದಗಳೇ ಆ ಬಾಗಿಲು. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದ ಅಂಥದ್ದು. ಇಲ್ಲಿ ‘ಮೂಲದ ನಿಯಮ’ ಎಂಬುದನ್ನು ಅರಿಯಬೇಕು. ಶ್ರೀಲಂಕಾದಲ್ಲಿಯೇ ಬೆಳೆದ ಸರಕಿಗೆ ಮಾತ್ರ ರಿಯಾಯಿತಿ ಸಲ್ಲಬೇಕು. ಬೇರೆ ದೇಶದ ಸರಕು ಅಲ್ಲಿ ಹಡಗು ಬದಲಿಸಿದ ಮಾತ್ರಕ್ಕೆ ಶ್ರೀಲಂಕಾದ್ದಾಗುವುದಿಲ್ಲ. ಆದರೆ ಕಾಳುಮೆಣಸಿನ ಕಾಳಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಜಗತ್ತಿನ ಅತಿದೊಡ್ಡ ಮೆಣಸು ರಫ್ತುದಾರ ವಿಯೆಟ್ನಾಂ. ಅಲ್ಲಿನ ಅಗ್ಗದ ಮೆಣಸು ಶ್ರೀಲಂಕಾದ ಪ್ರಮಾಣಪತ್ರ ಹೊತ್ತು ಬರುತ್ತಿದೆಯೆಂದು ಕರ್ನಾಟಕ, ಕೇರಳದ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಆದರೂ ಮುಂದಿನ ಎರಡು ವರ್ಷ ಮಲೆನಾಡಿನ ಪೇಟೆಯಲ್ಲಿ ಮೆಣಸು ಆ ಬೆಲೆಗಿಂತ ಬಹಳ ಕೆಳಗೇ ಇತ್ತು. ಕಾಗದದ ಗೋಡೆ ಎಷ್ಟು ಎತ್ತರವೆಂಬುದಕ್ಕಿಂತ, ಅದನ್ನು ಕಾಯುವವರು ಎಷ್ಟು ಎಚ್ಚರವಾಗಿದ್ದಾರೆ ಎಂಬುದು ಮುಖ್ಯ.

ಸುಂಕದ ಇನ್ನೊಂದು ಪಾಠ ಅಮೆರಿಕದಿಂದ ಬಂದಿದೆ. 2025ರ ಆಗಸ್ಟಿನಲ್ಲಿ ಅಮೆರಿಕ ಬ್ರೆಜಿಲಿನ ಕಾಫಿಯೂ ಸೇರಿ ಅನೇಕ ಸರಕುಗಳ ಮೇಲೆ ಶೇ. 50 ಸುಂಕ ಹೇರಿತು. ಅದೇ ತಿಂಗಳ ಕೊನೆಗೆ ಭಾರತದ ಅನೇಕ ಸರಕುಗಳ ಮೇಲೂ ಸುಂಕ ಶೇ. 50ಕ್ಕೆ ಏರಿತು. ಹವಾಯಿ, ಪೋರ್ಟೊರಿಕೊ ಬಿಟ್ಟರೆ ಅಮೆರಿಕದಲ್ಲಿ ಹೇಳಿಕೊಳ್ಳುವಷ್ಟು ಕಾಫಿ ಬೆಳೆಯುವುದಿಲ್ಲ. ಹೀಗಾಗಿ ಆ ಸುಂಕದಿಂದ ರಕ್ಷಣೆ ಪಡೆಯುವ ರೈತರೂ ವಿರಳ. ಸುಂಕವನ್ನು ಬಂದರಿನಲ್ಲಿ ಕಟ್ಟುವವನು ಅಲ್ಲಿನ ಆಮದುದಾರ. ಅದು ಕೊನೆಗೆ ಅಲ್ಲಿನ ಗ್ರಾಹಕನ ಲೋಟಕ್ಕೆ ಬಂದು ಸೇರಿತು. ಆಹಾರ ಪದಾರ್ಥಗಳ ಬೆಲೆ ಏರಿಕೆಯ ಕೂಗು ಎದ್ದಾಗ, ನವೆಂಬರಿನಲ್ಲಿ ಕಾಫಿ, ಚಹಾ, ಸಂಬಾರ ಪದಾರ್ಥಗಳಿಗೆ ಆ ಹೆಚ್ಚುವರಿ ಸುಂಕದಿಂದ ವಿನಾಯಿತಿ ಕೊಡಲಾಯಿತು. ಸುಂಕವೆಂಬುದು ಎರಡು ಅಲಗಿನ ಕತ್ತಿ. ಬೀಸುವವನಿಗೂ ತಾಗಬಹುದು.

ಹಸಿ ಬೀಜ ಮಾರುವವರು, ಹುರಿದು ಮಾರುವವರು

ಜರ್ಮನಿಯಲ್ಲಿ ಕಾಫಿ ತೋಟವಿಲ್ಲ. ಆದರೂ ಹುರಿದ ಮತ್ತು ಸಂಸ್ಕರಿಸಿದ ಕಾಫಿಯನ್ನು ಹೊರದೇಶಗಳಿಗೆ ಮಾರುವ ದೊಡ್ಡ ದೇಶಗಳಲ್ಲಿ ಅದೂ ಒಂದು. ಸ್ವಿಟ್ಜರ್ಲೆಂಡ್ ಸಹ ಹಾಗೆಯೇ. ಬೀಜ ಬೆಳೆಯುವುದಕ್ಕಿಂತ ಅದನ್ನು ಹುರಿದು, ಹೆಸರಿಟ್ಟು, ಪೊಟ್ಟಣ ಕಟ್ಟಿ ಮಾರುವುದರಲ್ಲಿ ಹೆಚ್ಚು ಹಣವಿದೆ. ಸುಂಕದ ವ್ಯವಸ್ಥೆಯೂ ಇದಕ್ಕೆ ಪೂರಕ. ಐರೋಪ್ಯ ಒಕ್ಕೂಟಕ್ಕೆ ಹಸಿ ಕಾಫಿ ಬೀಜ ಸುಂಕವಿಲ್ಲದೆ ಹೋಗುತ್ತದೆ. ಹುರಿದು ಕಳಿಸಿದರೆ ಸಾಮಾನ್ಯ ದರ ಶೇ. 7.5. ಕಚ್ಚಾವಸ್ತುವಿಗೆ ಬಾಗಿಲು ತೆರೆದು, ಸಂಸ್ಕರಿಸಿದ್ದಕ್ಕೆ ಅರ್ಧ ಮುಚ್ಚುವ ಈ ಕ್ರಮಕ್ಕೆ ಸುಂಕದ ಮೆಟ್ಟಿಲು ಎನ್ನಬಹುದು.

ಅರ್ಜೆಂಟೀನಾದ ರಾವುಲ್ ಪ್ರೆಬಿಷ್ ಮತ್ತು ಹಾನ್ಸ್ ಸಿಂಗರ್ 1950ರಲ್ಲಿ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಕಚ್ಚಾವಸ್ತುಗಳನ್ನೇ ಮಾರುವ ದೇಶಗಳು, ದೀರ್ಘಕಾಲದಲ್ಲಿ, ಕಾರ್ಖಾನೆಯ ಸರಕು ಕೊಳ್ಳಲು ಹೆಚ್ಚು ಹೆಚ್ಚು ಕಚ್ಚಾವಸ್ತು ಕೊಡಬೇಕಾಗುತ್ತದೆ. ಒಂದು ಪಲ್ಪರ್ ಅಥವಾ ಒಂದು ಮೋಟರು ಕೊಳ್ಳಲು ಮೂವತ್ತು ವರ್ಷದ ಹಿಂದೆ ಎಷ್ಟು ಚೀಲ ಮಾರಬೇಕಿತ್ತು, ಈಗ ಎಷ್ಟು ಮಾರಬೇಕು ಎಂದು ಪ್ರತಿ ಮನೆಯ ಹಿರಿಯರು ಲೆಕ್ಕ ಹಾಕಿ ನೋಡಿದರೆ ಈ ವಾದ ಎಷ್ಟು ಸರಿ, ಎಲ್ಲಿ ತಪ್ಪು ಎಂಬುದು ತಿಳಿಯುತ್ತದೆ.

ಬೆಲೆಯಲ್ಲಿ ಇಲ್ಲದ ಖರ್ಚು

ಈಗ ನಿಸರ್ಗದ ಮಾತು. ಸರಕಿನ ಬೆಲೆಯಲ್ಲಿ ಸೇರದೆ ಬೇರೊಬ್ಬರ ತಲೆಗೆ ಬೀಳುವ ಖರ್ಚನ್ನು ಅರ್ಥಶಾಸ್ತ್ರ ಬಾಹ್ಯ ವೆಚ್ಚ ಎನ್ನುತ್ತದೆ. ಇದಕ್ಕೆ ಕುದುರೆಮುಖಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 1976ರಲ್ಲಿ ಅಲ್ಲಿನ ಗಣಿ ಕಂಪನಿ ಸ್ಥಾಪನೆಯಾದದ್ದು ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಕಳಿಸಲು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು; ಬೆಟ್ಟ ಅಗೆದಾಗಿತ್ತು, ಮಂಗಳೂರಿಗೆ ಕೊಳವೆ ಹಾಕಿಯಾಗಿತ್ತು, ಹೂಡಿದ ಹಣ ಹಿಂದಿರುಗಬೇಕಿತ್ತು. ಹೀಗಾಗಿ ಬೇರೆ ದೇಶಗಳಿಗೆ ಅದಿರು ಹೋಯಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಶೋಲಾ ಕಾಡಿನ ನಡುವೆ ಗಣಿ ನಡೆಯಿತು. ಭದ್ರೆಗೆ ಸೇರಿದ ಹೂಳಿನ ಖರ್ಚು ಅದಿರಿನ ಬೆಲೆಯಲ್ಲಿ ಸೇರಿರಲಿಲ್ಲ. ಅದನ್ನು ತೆತ್ತವರು ಕೆಳಗಿನ ಅಚ್ಚುಕಟ್ಟಿನ ರೈತರು. ಮಲೆನಾಡಿನ ಜನರ ಹೋರಾಟ ಮತ್ತು 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ತೋಟದ ಮರಗಳ ಲೆಕ್ಕವೂ ಹೀಗೆಯೇ. ಭಾರತದ ಕಾಫಿ ಬಹುತೇಕ ನೆರಳಿನಲ್ಲಿ ಬೆಳೆಯುತ್ತದೆ. ಅತ್ತಿ, ಬಸರಿ, ಹಲಸು, ಹೊನ್ನೆ, ನಂದಿ ಮರಗಳು ಮಳೆಯ ಹೊಡೆತವನ್ನು ತಡೆದು ನೀರನ್ನು ನೆಲಕ್ಕಿಳಿಸುತ್ತವೆ. ಆ ನೀರು ಹೇಮಾವತಿಯಾಗಿ, ಕಾವೇರಿಯಾಗಿ ಬಯಲಿಗೆ ಹೋಗುತ್ತದೆ. ನ್ಯೂಯಾರ್ಕಿನ ಬೆಲೆಯಲ್ಲಿ ಇದಕ್ಕೆ ಒಂದು ಕಾಸೂ ಇಲ್ಲ. ಆದುದರಿಂದಲೇ ಇಳುವರಿ ಹೆಚ್ಚಿಸಲು ನೆರಳು ತೆಗೆಯುವುದು, ಕಾಡುಮರ ಹೋದ ಜಾಗಕ್ಕೆ ಬೇಗ ಬೆಳೆದು ಬೇಗ ಮಾರಾಟವಾಗುವ ಸಿಲ್ವರ್ ಓಕ್ ನೆಡುವುದು ಬುದ್ಧಿವಂತಿಕೆಯಾಗಿ ಕಾಣುತ್ತದೆ. ಆದರೆ ಅರೇಬಿಕಾದ ಪರಮಶತ್ರುವಾದ ಬಿಳಿ ಕಾಂಡಕೊರಕ ಹೆಚ್ಚಾಗಿ ಮೊಟ್ಟೆಯಿಡುವುದು ಬಿಸಿಲಿಗೆ ತೆರೆದ ಗಿಡಗಳ ಮೇಲೆ. ನೆರಳು ತೆಗೆದವನು ಕೊರಕವನ್ನು ಮನೆಗೆ ಕರೆದಂತಾಗುತ್ತದೆ.

ಕೊಳ್ಳುವ ದೇಶಗಳು ಈಗ ಈ ಖರ್ಚನ್ನು ಕಾನೂನಿನ ರೂಪದಲ್ಲಿ ಕೇಳಲಾರಂಭಿಸಿವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಭೂಮಿಯ ಕಾಫಿ, ಕೋಕೋ, ರಬ್ಬರ್ ಮುಂತಾದವು ತನ್ನ ಪೇಟೆಗೆ ಬರಕೂಡದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಜಾರಿಯನ್ನು ಎರಡು ಬಾರಿ ಮುಂದೂಡಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ರ ದಿನ ಗೊತ್ತುಮಾಡಲಾಯಿತು. ಬೆಳೆ ಬಂದ ಜಮೀನಿನ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಎರಡು ಎಕರೆಯ ಬೆಳೆಗಾರ ದಾಖಲೆ ಒದಗಿಸಲಾರದೆ ಹೊರಗುಳಿದು, ದೊಡ್ಡ ಎಸ್ಟೇಟಿನವನು ಒಳಗೆ ಹೋಗುವಂತಾದರೆ, ಮರ ಉಳಿಸಿದವನಿಗೇ ಶಿಕ್ಷೆಯಾಗುತ್ತದೆ.

ಈಗ ಮಾಡಬೇಕಾದದ್ದು

ಬ್ರೆಜಿಲ್, ವಿಯೆಟ್ನಾಂಗಳ ಬರಗಾಲದಿಂದ ಕಾಫಿಯ ಬೆಲೆ ಮತ್ತೆ ಏರಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿತು, ಅಂದರೆ ಕಿಲೋಗೆ ಏಳುನೂರು ರೂಪಾಯಿಗೂ ಹೆಚ್ಚು. ಸಂತೋಷದ ಸಂಗತಿಯೇ. ಆದರೆ ಜೇಡರಬಲೆಯ ಚಕ್ರವನ್ನು ಅರಿತವರು ಇಂಥ ಬೆಲೆಯನ್ನು ಕಂಡಾಗಲೇ ಹೆಚ್ಚು ಎಚ್ಚರ ವಹಿಸಬೇಕು. ಗದ್ದೆಯಲ್ಲಿ ರೋಬಸ್ಟಾ ನೆಡುವ, ಕಾಡುಮರ ಬೋಳಿಸುವ ಆಲೋಚನೆ ಹುಟ್ಟುವುದು ಇಂಥ ಕಾಲದಲ್ಲಿಯೇ. ಅದೇ ಹೊತ್ತಿನಲ್ಲಿ ಅದೇ ಆಲೋಚನೆ ಬ್ರೆಜಿಲಿನಲ್ಲಿ, ವಿಯೆಟ್ನಾಂನಲ್ಲಿ, ಉಗಾಂಡಾದಲ್ಲಿ ಸಾವಿರಾರು ಮನೆಗಳಲ್ಲಿ ನಡೆಯುತ್ತಿರುತ್ತದೆ. ಎಲ್ಲರ ಗಿಡಗಳೂ ಒಟ್ಟಿಗೆ ಫಸಲಿಗೆ ಬರುತ್ತವೆ.

ಆದುದರಿಂದ ಶಿಖರದ ಬೆಲೆಯನ್ನು ನಂಬಿ ಸಾಲ ಮಾಡದೆ, ಹತ್ತು ವರ್ಷಗಳ ಸರಾಸರಿ ಬೆಲೆಯ ಮೇಲೆ ತೋಟದ ಲೆಕ್ಕ ಹಾಕುವುದು ಮೊದಲ ಕೆಲಸ. ಒಳ್ಳೆಯ ವರ್ಷದ ಹಣ ಸಾಲ ತೀರಿಸಲು, ಕಣ ಮತ್ತು ನೀರಿನ ಟ್ಯಾಂಕು ಸರಿಪಡಿಸಲು, ಬಿದ್ದ ಮರದ ಜಾಗಕ್ಕೆ ಕಾಡುಮರ ನೆಡಲು ಹೋಗಲಿ. ಕಾಫಿ ಬಿದ್ದ ವರ್ಷ ಮೆಣಸು, ಮೆಣಸು ಬಿದ್ದ ವರ್ಷ ಅಡಿಕೆ, ಬಾಳೆ, ಕಿತ್ತಳೆ ಕೈಹಿಡಿಯುವ ಮಿಶ್ರತೋಟವು ಹಿರಿಯರು ಕಟ್ಟಿಕೊಟ್ಟ ವಿಮೆ. ಮೆಣಸಿನ ಬಳ್ಳಿಗೆ ಆಸರೆಯಾಗುವುದೂ ಆ ನೆರಳು ಮರವೇ. ಗದ್ದೆ ಉಳಿದ ಮನೆಗೆ ಬೆಲೆ ಬಿದ್ದ ವರ್ಷವೂ ಅಕ್ಕಿಯ ಚಿಂತೆ ಇರುವುದಿಲ್ಲ. ಸಣ್ಣ ಬೆಳೆಗಾರರು ಸಹಕಾರ ಸಂಘವಾಗಿಯೋ ಉತ್ಪಾದಕರ ಕಂಪನಿಯಾಗಿಯೋ ಸೇರಿದರೆ ಜಮೀನಿನ ದಾಖಲೆ, ಗ್ರೇಡಿಂಗ್, ಹುರಿದು ಮಾರುವ ಕೆಲಸಗಳು ಕೈಗೆಟುಕುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಪ್ರತಿ ತಿಂಗಳ ಮೊದಲ ಸೋಮವಾರ ನಾಲ್ಕು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು: ಲಂಡನ್ ಅಥವಾ ನ್ಯೂಯಾರ್ಕಿನ ಬೆಲೆ, ಡಾಲರಿನ ದರ, ಊರಿನ ಪೇಟೆಯ ಬೆಲೆ, ಒಂದು ದಿನದ ಕೂಲಿ. ಒಂದು ವರ್ಷ ಬರೆದರೆ, ಹೊರಗಿನ ಬೆಲೆ ಏರಿದಾಗ ಊರಿನ ಬೆಲೆ ಎಷ್ಟು ಬೇಗ ಏರುತ್ತದೆ, ಇಳಿದಾಗ ಎಷ್ಟು ಬೇಗ ಇಳಿಯುತ್ತದೆ, ತೋಟದ ಕಾರ್ಮಿಕನಿಗೆ ಅದರಲ್ಲಿ ಏನು ಸಿಗುತ್ತದೆ ಎಂಬುದು ಯಾವ ಪಠ್ಯಪುಸ್ತಕವೂ ಹೇಳದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಕೊನೆಯದಾಗಿ ಪ್ರಜಾಪ್ರಭುತ್ವದ ಮಾತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃಷಿ ರಾಜ್ಯದ ಪಟ್ಟಿಯಲ್ಲಿದೆ; ವಿದೇಶಿ ವ್ಯಾಪಾರ ಮತ್ತು ವಿದೇಶಗಳೊಡನೆ ಒಪ್ಪಂದ ಕೇಂದ್ರದ ಪಟ್ಟಿಯಲ್ಲಿವೆ. ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮವೂ ಇಲ್ಲ. ಅಂದರೆ ಮೆಣಸು, ಕಾಫಿ, ಅಡಿಕೆಗಳ ಸುಂಕವನ್ನು ನಿರ್ಧರಿಸುವ ಕಾಗದಕ್ಕೆ ಸಹಿ ಬೀಳುವಾಗ ಮಲೆನಾಡಿನ ಯಾವ ಗ್ರಾಮಸಭೆಯನ್ನೂ ಯಾರೂ ಕೇಳಬೇಕಾಗಿಲ್ಲ. ಕೇಳಬೇಕಾಗಿಲ್ಲದಿದ್ದರೂ ಹೇಳುವುದಕ್ಕೆ ಅಡ್ಡಿಯಿಲ್ಲ. ಗ್ರಾಮಸಭೆಯ ನಡಾವಳಿಯಲ್ಲಿ ಒಂದು ನಿರ್ಣಯ ಬರೆದು, ಸಂಸದರಿಗೆ ಕಳಿಸಿ, ಉತ್ತರ ಬರುವವರೆಗೆ ಬಿಡದೆ ಕೇಳುವುದು ಸಾಧ್ಯ. ಬಲಿಷ್ಠ ಗಣಿಯನ್ನು ನಿಲ್ಲಿಸಿದ ನಾಡಿಗೆ ಇದು ಅಸಾಧ್ಯದ ಕೆಲಸವಲ್ಲ.

ಜಗತ್ತಿನ ಸಂತೆಯಿಂದ ಮಲೆನಾಡು ಹೊರಗುಳಿಯುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಸಂತೆಗೆ ಹೋಗುವಾಗ ಮಾರಬೇಕಾದದ್ದು ಯಾವುದು, ಮಾರಬಾರದ್ದು ಯಾವುದು ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿ ಹೊರಡುವುದು ಹಳೆಯ ರೂಢಿ. ಹಣ್ಣು, ಕಾಳು, ಅಡಿಕೆ ಸಂತೆಗೆ ಹೋಗಲಿ. ನೆಲ, ನೀರು, ಮರ ಮನೆಯಲ್ಲಿ ಉಳಿಯಲಿ.